ಘಾಟಿ ಇಳಿಯಲು ದೊಡ್ಡ ಬ್ರೇಕ್ ಬೇಕೇ?

ಚಾರ್ಮಾಡಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ, ತೂತು ಕೊರೆದ ಡಿಸ್ಕ್ ಮತ್ತು ದೊಡ್ಡ ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ) ಹಾಕಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಸದ್ಯಕ್ಕೆ ಆ ಹಣ ಖರ್ಚು ಮಾಡಬೇಡಿ. ಜೋರಾಗಿ ಒತ್ತಿದಾಗ ಪೆಡಲ್ ಕಾಲಡಿಯಲ್ಲಿ ಗಡಗಡನೆ ನಡುಗಿ ಎಬಿಎಸ್ (ಚಕ್ರ ಪೂರ್ತಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸಕ್ಕಿಳಿಯುತ್ತಿದ್ದರೆ, ಈಗಿರುವ ಬ್ರೇಕಿಗೇ ಚಕ್ರವನ್ನು ಹಿಡಿದು ನಿಲ್ಲಿಸುವ ಶಕ್ತಿಯಿದೆ ಎಂದರ್ಥ. ಅಲ್ಲಿಂದ ಮುಂದೆ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಟೈರಿನ ಹಿಡಿತವೇ ಹೊರತು ಕ್ಯಾಲಿಪರಿನ ಗಾತ್ರವಲ್ಲ. ನನ್ನ ಅನುಮಾನವಿರುವುದು ಹಳೆಯ ಬ್ರೇಕ್ ಆಯಿಲ್ ಮೇಲೆ. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ಆದರೆ ವರ್ಷಗಟ್ಟಲೆ ತೇವಾಂಶ ಹೀರಿದ ಮೇಲೆ 155ರ ಆಸುಪಾಸಿನಲ್ಲೇ ಕುದಿಯಬಹುದು, ಆಗ ಏಳುವ ಆವಿಯ ಗುಳ್ಳೆಗಳು ಪೆಡಲನ್ನು ಸ್ಪಂಜಿನಂತೆ ಮಾಡುತ್ತವೆ. ಮೊದಲು ಆಯಿಲ್ ಬದಲಿಸಿ, ಒಳ್ಳೆಯ ಪ್ಯಾಡ್ ಹಾಕಿಸಿ, ಎರಡನೇ ಗೇರಿನಲ್ಲಿ ಇಳಿಯಿರಿ. ರೇಸ್ ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಓಡಿಸುವವರಿಗೆ ದೊಡ್ಡ ಡಿಸ್ಕ್ ನಿಜಕ್ಕೂ ಬೇಕು, ಏಕೆಂದರೆ ಅದು ಹೆಚ್ಚು ಶಾಖವನ್ನು ತಾಳಿಕೊಳ್ಳುತ್ತದೆ.