ಹೊರದೇಶದ ವೈದ್ಯಕೀಯ ಶಿಬಿರಕ್ಕೆ ದಾನ ಬಂದ ಸಾಮಗ್ರಿಯನ್ನು ಪ್ಯಾಕ್ ಮಾಡುವುದು ಹೇಗೆ?

ಹೊರದೇಶದ ಶಿಬಿರಕ್ಕೆ ಹೊರಟಿರುವ ತಂಡದಲ್ಲಿ ಪ್ಯಾಕಿಂಗ್ ಹೊಣೆ ನಿಮ್ಮ ಮೇಲೆ ಬಿದ್ದಿದೆ, ಒಂದು ಕೋಣೆ ತುಂಬ ದಾನ ಬಂದ ಔಷಧಿ, ಗ್ಲೌಸ್, ಸಿರಿಂಜ್, ಬ್ಯಾಂಡೇಜ್ ಇದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ನಾನು ಫಾರ್ಮಸಿಸ್ಟ್. ಇಂಥ ತಂಡಗಳ ಸಾಮಾನು ಜೋಡಿಸುವ ಕೆಲಸ ನನ್ನ ಪಾಲಿಗೂ ಬರುತ್ತಿರುತ್ತದೆ.

ಟೇಪು, ಪೆಟ್ಟಿಗೆ ಆಮೇಲೆ. ಮೊದಲು ನಿಮ್ಮ ಹತ್ತಿರ ಇರುವುದರ ಪಟ್ಟಿ ಮಾಡಿ, ಅಲ್ಲಿ ನಿಮ್ಮನ್ನು ಬರಮಾಡಿಕೊಳ್ಳುವ ಆಸ್ಪತ್ರೆಗೆ ಕಳಿಸಿ, 'ಇದರಲ್ಲಿ ಯಾವುದು ಬೇಕು, ಯಾವುದು ಬೇಡ' ಎಂದು ನೇರವಾಗಿ ಕೇಳಿ. ಆ ದೇಶದ ಸರ್ಕಾರ ಮುಖ್ಯವೆಂದು ಗುರುತಿಸಿದ ಔಷಧಿಗಳ ಪಟ್ಟಿಯನ್ನೂ (ಅಗತ್ಯ ಔಷಧಿಗಳ ಪಟ್ಟಿ) ತರಿಸಿಕೊಳ್ಳಿ. ಉತ್ತರ ಬಂದ ಮೇಲೆ ರಾಶಿಯ ಒಂದು ಭಾಗ ಪಕ್ಕಕ್ಕೆ ಸರಿಯುತ್ತದೆ. ಕೊಟ್ಟವರಿಗೆ ಬೇಜಾರಾಗಬಹುದೇನೋ ಎಂಬ ಅಳುಕು ಬೇಡ. ಬೇಡದ್ದನ್ನು ಇಲ್ಲೇ ಉಳಿಸಿದರೆ ಅಲ್ಲಿಯವರ ತಲೆಮೇಲಿನ ಭಾರ ಅಷ್ಟು ಇಳಿಯಿತು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 1988ರಲ್ಲಿ ಅರ್ಮೇನಿಯಾದಲ್ಲಿ ಭೂಕಂಪವಾದಾಗ ಸುಮಾರು 5,000 ಟನ್ ಔಷಧಿ ಮತ್ತು ವೈದ್ಯಕೀಯ ಸಾಮಗ್ರಿ ಬಂದು ಬಿತ್ತು. ಅದರಲ್ಲಿ ಏನೇನಿದೆ ಎಂದು ಒಂದು ಅಂದಾಜಿಗೆ ಬರಲು 50 ಜನ ಆರು ತಿಂಗಳು ದುಡಿಯಬೇಕಾಯಿತು. ಸುಲಭವಾಗಿ ಗುರುತು ಹಿಡಿಯುವಂತಿದ್ದ ಔಷಧಿ ಶೇ 30 ಮಾತ್ರ. ಶೇ 8ರಷ್ಟರ ಅವಧಿ ತಲುಪುವ ಹೊತ್ತಿಗೇ ಮುಗಿದಿತ್ತು. ಕಳಿಸಿದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದರು. ಗಾಯಾಳುಗಳನ್ನು ನೋಡಬೇಕಾದ ಸಮಯದಲ್ಲಿ ಪೆಟ್ಟಿಗೆ ಬಿಚ್ಚುತ್ತ ಕೂರುವುದೆಂದರೆ ಏನು ಎಂದು ಯೋಚಿಸಿ. ಇಂಥ ಅನುಭವಗಳ ನಂತರವೇ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧಿ ದಾನಕ್ಕೆ ಮಾರ್ಗಸೂಚಿ ತಂದಿತು. 1999 ಮತ್ತು 2010ರಲ್ಲಿ ಅದು ಪರಿಷ್ಕರಣೆಯಾಗಿದೆ. ಓದಿ, ದೊಡ್ಡದೇನಲ್ಲ.

ಅದರ ಪ್ರಕಾರ ಔಷಧಿ ಅಲ್ಲಿಗೆ ತಲುಪುವಾಗ ಎಕ್ಸ್‌ಪೈರಿಗೆ ಕನಿಷ್ಠ ಒಂದು ವರ್ಷ ಬಾಕಿ ಇರಬೇಕು. ರೋಗಿಗಳು ಅರ್ಧ ಬಳಸಿ ವಾಪಸ್ ಕೊಟ್ಟದ್ದು, ಕಂಪನಿಗಳು ವೈದ್ಯರಿಗೆ ಕೊಟ್ಟ ಸ್ಯಾಂಪಲ್ ಎರಡೂ ಕೂಡದು. ಲೇಬಲ್ ಅಲ್ಲಿನ ಸಿಬ್ಬಂದಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದರ ಮೇಲೆ ಬ್ರ್ಯಾಂಡ್ ಹೆಸರಲ್ಲದೆ ಜೆನೆರಿಕ್ ಹೆಸರೂ, ಅಂದರೆ ಔಷಧಿಯ ಮೂಲ ಹೆಸರೂ, ಇರಬೇಕು. ವಿಂಗಡಿಸುವಾಗ ಬಿಡಿ ಸ್ಟ್ರಿಪ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಷ್ಟೋ ಸ್ಟ್ರಿಪ್‌ಗಳಲ್ಲಿ ಒಂದೇ ಅಂಚಿನಲ್ಲಿ ಅಚ್ಚಾಗಿರುತ್ತವೆ. ಯಾರೋ ನಾಲ್ಕು ಮಾತ್ರೆ ಕತ್ತರಿಸಿಕೊಂಡಾಗ ಆ ಅಂಚೇ ಹೋಗಿರುತ್ತದೆ. ಉಳಿದ ಆರು ಮಾತ್ರೆ ನೋಡಲು ಚೆನ್ನಾಗಿಯೇ ಇರುತ್ತವೆ, ಆದರೆ ಅವು ಯಾವ ಬ್ಯಾಚಿನವು, ಯಾವಾಗ ಅವಧಿ ಮುಗಿಯುತ್ತದೆ ಎಂದು ಹೇಳುವವರಿಲ್ಲ. ನಾನು ಅಂಥವನ್ನು ವಿಲೇವಾರಿಗೆ ಹಾಕುತ್ತೇನೆ, ಎಷ್ಟೇ ದುಬಾರಿಯಾದರೂ.

ಸ್ಟೆರೈಲ್ (ಕ್ರಿಮಿರಹಿತ) ಸಾಮಾನಿಗೂ ಇದೇ ಕಣ್ಣು ಬೇಕು. ಪೊಟ್ಟಣದ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತು, ಸೀಲಿನ ಹತ್ತಿರ ಒಮ್ಮೆ ನೀರು ತಾಗಿ ಒಣಗಿದ ಕಲೆ, ಇಷ್ಟು ಸಾಕು, ಒಳಗಿನ ಗಾಜ್ ಬಟ್ಟೆ ಅಥವಾ ಕ್ಯಾತಿಟರ್ (ದೇಹದೊಳಗೆ ಹಾಕುವ ಕೊಳವೆ) ಸ್ಟೆರೈಲ್ ಎಂದು ನಂಬುವಂತಿಲ್ಲ. ಸ್ಟೆರೈಲ್ ಪೊಟ್ಟಣಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಬೇಡಿ, ಮಡಿಕೆ ಬಿದ್ದ ಕಡೆ ಕಾಗದ ಬಿರಿಯುತ್ತದೆ. ಗ್ಲೌಸ್‌ಗಳನ್ನು ಸೈಜ್ ಪ್ರಕಾರ ಬೇರೆ ಬೇರೆ ಇಡಿ.

ಉಪಕರಣಗಳದ್ದು ಸರಳ. ಅಲ್ಲಿನ ವೋಲ್ಟೇಜ್‌ಗೆ ಹೊಂದುತ್ತದೆಯೇ, ಅದಕ್ಕೆ ಬೇಕಾದ ಟೆಸ್ಟ್ ಸ್ಟ್ರಿಪ್, ಟ್ಯೂಬ್, ಬ್ಯಾಟರಿ ಅಲ್ಲಿ ಸಿಗುತ್ತವೆಯೇ? ಇಲ್ಲವಾದರೆ ಒಯ್ಯಬೇಡಿ. ಗ್ಲುಕೋಮೀಟರ್ ಕೊಟ್ಟು ಟೆಸ್ಟ್ ಸ್ಟ್ರಿಪ್ ಕೊಡದಿದ್ದರೆ ಏನು ಉಪಯೋಗ?

ಈಗ ಪೆಟ್ಟಿಗೆ. ಔಷಧಿಯನ್ನು ಬೇರೆ ಸಾಮಾನಿನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಬೆರೆಸಬೇಡಿ. ಜಾಗ ಉಳಿಸಲು ಮಾತ್ರೆ ಡಬ್ಬಿಗಳ ನಡುವೆ ಗ್ಲೌಸ್ ತುರುಕುವ ಆಸೆ ಎಲ್ಲರಿಗೂ ಬರುತ್ತದೆ, ಕಸ್ಟಮ್ಸ್‌ನಲ್ಲಿ ಅದೇ ತೊಡಕಾಗುತ್ತದೆ. ಪ್ರತಿ ಪೆಟ್ಟಿಗೆಗೂ ನಂಬರ್ ಬರೆಯಿರಿ. ಪ್ರತಿಯೊಂದಕ್ಕೂ ಪಟ್ಟಿ ಇರಲಿ: ಜೆನೆರಿಕ್ ಹೆಸರು, ಮಾತ್ರೆಯೋ ಸಿರಪ್ಪೋ ಇಂಜೆಕ್ಷನ್ನೋ, ಎಷ್ಟು ಮಿಲಿಗ್ರಾಂ, ಎಷ್ಟು ಸಂಖ್ಯೆ, ಬ್ಯಾಚ್, ಎಕ್ಸ್‌ಪೈರಿ, ತೂಕ. ಒಂದು ಪ್ರತಿ ಪೆಟ್ಟಿಗೆಯೊಳಗೆ ಎಲ್ಲಕ್ಕಿಂತ ಮೇಲೆ, ಒಂದು ನಿಮ್ಮ ಕೈಯಲ್ಲಿ, ಒಂದು ಮುಂಚೆಯೇ ಆಸ್ಪತ್ರೆಗೆ. ನೀವು ಊರಲ್ಲೇ ಇಲ್ಲದಿದ್ದರೂ ಅಲ್ಲಿನ ನರ್ಸ್ ಒಬ್ಬರು ಆ ಪಟ್ಟಿ ಹಿಡಿದು ಬೇಕಾದ್ದನ್ನು ನೇರವಾಗಿ ತೆಗೆಯುವಂತಿರಬೇಕು. ನನ್ನ ಮಟ್ಟಿಗೆ ಪ್ಯಾಕಿಂಗ್ ಸರಿಯಾಗಿದೆಯೇ ಎಂದು ನೋಡುವ ಪರೀಕ್ಷೆ ಇದೊಂದೇ.

ಉಚಿತವಾಗಿ ಬಂದದ್ದು ಎಂದು ಮೌಲ್ಯದ ಕಾಲಂನಲ್ಲಿ ಸೊನ್ನೆ ಬರೆಯಬೇಡಿ, ಸಮಂಜಸವಾದ ಬೆಲೆ ಹಾಕಿ 'ದಾನ, ಮಾರಾಟಕ್ಕಲ್ಲ' ಎಂದು ಸೇರಿಸಿ. ಆಸ್ಪತ್ರೆಯ ಆಹ್ವಾನ ಪತ್ರ, ಆ ದೇಶದ ಆರೋಗ್ಯ ಇಲಾಖೆಯ ಆಮದು ಅನುಮತಿ ಕೈಯಲ್ಲೇ ಇರಲಿ. ಮಾರ್ಫಿನ್ (ತೀವ್ರ ನೋವಿಗೆ), ಡಯಾಜೆಪಾಮ್ (ಆತಂಕ, ಫಿಟ್ಸ್‌ಗೆ) ಇಂಥವು ಮಾದಕ ಮತ್ತು ಮನಸ್ಸಿನ ಮೇಲೆ ಪರಿಣಾಮ ಬೀರುವ ಔಷಧಿಗಳ ಕುರಿತ 1961 ಮತ್ತು 1971ರ ಅಂತರರಾಷ್ಟ್ರೀಯ ಒಪ್ಪಂದಗಳ ಹತೋಟಿಯಲ್ಲಿವೆ. ನೋವಿನ ಔಷಧಿ ಟ್ರಮಡಾಲ್ ಆ ಒಪ್ಪಂದಗಳ ಪಟ್ಟಿಗಳಲ್ಲಿ ಇಲ್ಲದಿದ್ದರೂ ಎಷ್ಟೋ ದೇಶಗಳು ಅದರ ಮೇಲೆ ತಾವೇ ನಿಯಮ ಬಿಗಿ ಮಾಡಿವೆ. ಅನುಮತಿ ಇಲ್ಲದೆ ಇಂಥದ್ದು ಒಂದು ಸ್ಟ್ರಿಪ್ ಸಿಕ್ಕರೂ ಇಡೀ ತಂಡ ಸಿಕ್ಕಿಬೀಳಬಹುದು, ಹಾಗಾಗಿ ದಾನದ ರಾಶಿಯಿಂದ ಇವನ್ನು ಮೊದಲ ದಿನವೇ ಹೊರತೆಗೆಯಿರಿ.

ವಿಮಾನದ ವಿಷಯಕ್ಕೆ ಬಂದರೆ, ಒಂದು ಚೆಕ್-ಇನ್ ಬ್ಯಾಗಿಗೆ 23 ಕೆಜಿ ಸಾಮಾನ್ಯ ಮಿತಿ. ದಾನದ ಸಾಮಾನಿಗೆ ರಿಯಾಯಿತಿ ಕೊಡುವಿರಾ ಎಂದು ಏರ್‌ಲೈನ್‌ಗೆ ಮುಂಚೆಯೇ ಪತ್ರ ಬರೆಯಿರಿ. ಬಿಡಿ ಲಿಥಿಯಂ ಬ್ಯಾಟರಿ ಕ್ಯಾಬಿನ್‌ನಲ್ಲೇ ಹೋಗಬೇಕು, ಕತ್ತರಿ, ಸ್ಕಾಲ್ಪೆಲ್ ಚೆಕ್-ಇನ್‌ನಲ್ಲಿ. ಸ್ಯಾನಿಟೈಸರ್ ಅನ್ನು ಲೀಟರ್‌ಗಟ್ಟಲೆ ಒಯ್ಯಲಾಗದು, ಅಲ್ಲೇ ಕೊಳ್ಳಿ. ಇನ್ಸುಲಿನ್ ಇದ್ದರೆ 2ರಿಂದ 8 ಡಿಗ್ರಿಯಲ್ಲಿ, ಐಸ್ ಪ್ಯಾಕಿಗೆ ನೇರವಾಗಿ ತಾಗದಂತೆ, ನಿಮ್ಮ ಕೈಚೀಲದಲ್ಲೇ ಇರಲಿ. ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಮೊದಲ ದಿನದ ತಪಾಸಣೆಗೆ ಬೇಕಾದ ಬಿಪಿ ಉಪಕರಣ, ಸ್ಟೆತಸ್ಕೋಪ್ ಮತ್ತು ಒಂದಿಷ್ಟು ಗ್ಲೌಸ್ ಕೂಡ ಅದರಲ್ಲೇ ಇದ್ದರೆ, ಪೆಟ್ಟಿಗೆಗಳು ಕಸ್ಟಮ್ಸ್‌ನಲ್ಲಿ ಎರಡು ದಿನ ನಿಂತರೂ ನೀವು ರೋಗಿಗಳನ್ನು ನೋಡಲು ಶುರು ಮಾಡಬಹುದು.