ದಿನಾ ಕಹಿ ಕಷಾಯ ಕುಡಿದರೆ ಲಿವರ್ ಕ್ಲೀನ್ ಆಗುತ್ತಾ?

ಊಟ ಆದ ಮೇಲೆ ಹೊಟ್ಟೆ ಉಬ್ಬರ, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂದಿದೆ, ನೆಲಬೇವು ಮತ್ತು ಅಮೃತಬಳ್ಳಿ ಕಷಾಯ ದಿನಾ ಕುಡಿಯಲಾ ಅಂತ ಕೇಳಿದ್ದೀರಿ. ಹೊಟ್ಟೆ ಬೇರೆ, ಲಿವರ್ ಬೇರೆ. ಎರಡಕ್ಕೂ ಒಂದೇ ಉತ್ತರ ಇಲ್ಲ.

ಜೀರ್ಣಕ್ಕೆ ಕಹಿಯಿಂದ ಸ್ವಲ್ಪ ಉಪಯೋಗ ಇದೆ. ಒಂದು ಕಹಿ ಎಲೆ ಅಗಿದು ನೋಡಿ. ಮುಖ ಕಿವುಚಿಕೊಳ್ಳುವಷ್ಟರಲ್ಲಿ ಬಾಯಲ್ಲಿ ನೀರೂರುತ್ತದೆ. ಕಹಿ ಗುರುತಿಸುವ ಸುಮಾರು 25 ಬಗೆಯ ರಿಸೆಪ್ಟರ್‌ಗಳು (ರುಚಿ ಹಿಡಿಯುವ ಸೂಕ್ಷ್ಮ ಭಾಗಗಳು) ನಮ್ಮಲ್ಲಿವೆ, ನಾಲಿಗೆಯಲ್ಲಷ್ಟೇ ಅಲ್ಲ, ಹೊಟ್ಟೆ ಕರುಳಿನಲ್ಲೂ. ಹಾಗಾಗಿ ಊಟಕ್ಕೆ ಸ್ವಲ್ಪ ಮೊದಲು ಚೂರು ಕಹಿ ತಿಂದರೆ ಕೆಲವರಿಗೆ ಹಸಿವು ಚೆನ್ನಾಗಿ ಆಗುತ್ತದೆ. ಕ್ಯಾಪ್ಸೂಲ್ ನುಂಗಿದರೆ ನಾಲಿಗೆಗೆ ಆ ರುಚಿಯೇ ತಾಗುವುದಿಲ್ಲ, ಅಲ್ವಾ? ಎದೆಯುರಿ, ಅಲ್ಸರ್ ಇದ್ದರೆ ಕಹಿ ಬೇಡ. ಪಿತ್ತಕೋಶದಲ್ಲಿ ಕಲ್ಲಿದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಲಿವರ್ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಭಯ. ಅದು ಕೊಳೆ ಕಟ್ಟಿಕೊಂಡು ಕೂರುವ ಜಾಲರಿ ಅಲ್ಲ, ತೊಳೆಯಲು. ರಕ್ತದಲ್ಲಿ ಬಂದ ಬೇಡವಾದದ್ದನ್ನು ಮಾರ್ಪಡಿಸಿ ಪಿತ್ತದಲ್ಲಿ, ಮೂತ್ರದಲ್ಲಿ ಹೊರಗೆ ಹೋಗುವಂತೆ ಮಾಡುತ್ತದೆ. ನೀವು ಕುಡಿಯುವ ಕಷಾಯವನ್ನೂ ಅದೇ ಲಿವರ್ ಸಂಭಾಳಿಸಬೇಕು.

ನಮ್ಮ ಅಕ್ಕನಿಗೆ ಆಟೋಇಮ್ಯೂನ್ ಥೈರಾಯ್ಡ್ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುವ ತೊಂದರೆ. ಯಾರೋ ಹೇಳಿದರು ಅಂತ ಎರಡು ತಿಂಗಳು ಬಿಡದೆ ಅಮೃತಬಳ್ಳಿ ರಸ ಕುಡಿದಳು. ಮೊದಲು ಸುಸ್ತು, ವಾಕರಿಕೆ. ಒಂದು ಬೆಳಗ್ಗೆ ಕಿಟಕಿ ಬೆಳಕಿನಲ್ಲಿ ಅವಳ ಕಣ್ಣು ನೋಡಿದೆ, ಬಿಳಿ ಭಾಗ ಅರಿಸಿನ ಹಚ್ಚಿದ ಹಾಗಿತ್ತು. ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಎಲ್‌ಟಿ, ಸುಮಾರು 40ರ ಒಳಗೆ ಇರಬೇಕಾದದ್ದು, 600 ದಾಟಿತ್ತು. ಡಾಕ್ಟರು ರಸ ನಿಲ್ಲಿಸಿದರು. ಸರಿಹೋಗಲು ತಿಂಗಳುಗಳೇ ಬೇಕಾದವು. ಅಮೃತಬಳ್ಳಿ ತೆಗೆದುಕೊಂಡು ಹೀಗೆ ಲಿವರ್ ಕೆಟ್ಟವರ ಬಗ್ಗೆ 2021ರಲ್ಲಿ ವೈದ್ಯರ ವರದಿಗಳೂ ಬಂದಿವೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳುವುದು ಕಷ್ಟ.

ಗಿಡದ್ದು ಅಂದ ಮಾತ್ರಕ್ಕೆ ನಿರಪಾಯ ಅಲ್ಲ. ಜರ್ಮ್ಯಾಂಡರ್ ಅನ್ನುವ ಕಹಿ ಮೂಲಿಕೆಯನ್ನು ತೂಕ ಇಳಿಸಲು ತಿಂದು ಹಲವರಿಗೆ ಹೆಪಟೈಟಿಸ್ (ಲಿವರ್ ಉರಿಯೂತ) ಆದ ಮೇಲೆ 1992ರಲ್ಲಿ ಫ್ರಾನ್ಸ್ ಅದರ ಮಾರಾಟ ನಿಲ್ಲಿಸಿತು.

ನಿಮ್ಮ ಫ್ಯಾಟಿ ಲಿವರ್‌ಗೆ ಕಷಾಯಕ್ಕಿಂತ ತೂಕದ ಕಡೆ ಗಮನ ಕೊಡಿ. ತೂಕ ಜಾಸ್ತಿ ಇದ್ದರೆ 7ರಿಂದ 10 ಶೇಕಡಾ ಇಳಿಸಿದರೂ ಲಿವರ್‌ನಲ್ಲಿ ಒಳ್ಳೆ ಬದಲಾವಣೆ ಕಾಣುತ್ತದೆ. ಮದ್ಯ ಬಿಡಿ, ಸಕ್ಕರೆ ಪಾನೀಯ ಬಿಡಿ. ಈಗಾಗಲೇ ಕಷಾಯ ಶುರು ಮಾಡಿದ್ದರೆ ನಿಲ್ಲಿಸಿ, ಒಂದು ಎಲ್‌ಎಫ್‌ಟಿ (ಲಿವರ್‌ನ ರಕ್ತ ಪರೀಕ್ಷೆ) ಮಾಡಿಸಿ. ಏನೇನು ಕುಡಿದಿರಿ ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಅವತ್ತೇ ಹೋಗಿ.