ಎಕ್ಸ್-ರೇ ಕೋಣೆಯ ಗೋಡೆಗೆ ಎಷ್ಟು ಸೀಸ ಬೇಕು?

ಪ್ರಶ್ನೆ: ನಮ್ಮ ಆಸ್ಪತ್ರೆಯಲ್ಲಿ ಹೊಸ ಎಕ್ಸ್-ರೇ ಕೋಣೆಯ ನಕ್ಷೆ ಸಿದ್ಧವಾಗುತ್ತಿದೆ. ನಾಲ್ಕೂ ಗೋಡೆಗಳಿಗೆ ಒಂದೇ ದಪ್ಪದ ಸೀಸದ ಹಾಳೆ ಹೊದಿಸಿದರೆ ಸಾಕು ಎಂದು ಗುತ್ತಿಗೆದಾರರು ಹೇಳುತ್ತಾರೆ. ಒಂದು ಗೋಡೆಯ ಆಚೆ ಕಚೇರಿಯಿದೆ, ಇನ್ನೊಂದರ ಆಚೆ ಮೆಟ್ಟಿಲುಗಳಿವೆ. ದಪ್ಪವನ್ನು ನಿರ್ಧರಿಸುವ ಕ್ರಮ ಯಾವುದು?

ಉತ್ತರ: ಒಂದೇ ದಪ್ಪದ ಹಾಳೆ ಒಂದು ಕಡೆ ವ್ಯರ್ಥವಾಗಬಹುದು, ಇನ್ನೊಂದು ಕಡೆ ಸಾಲದೇ ಹೋಗಬಹುದು. ಯಂತ್ರ ವಾರಕ್ಕೆ ಎಷ್ಟು ಕೆಲಸ ಮಾಡುತ್ತದೆ, ಕಿರಣ ಯಾವ ದಿಕ್ಕಿಗೆ ಹಾಯುತ್ತದೆ, ಗೋಡೆಯ ಆಚೆ ಯಾರು ಎಷ್ಟು ಹೊತ್ತು ಇರುತ್ತಾರೆ, ಅವರು ಎಷ್ಟು ದೂರದಲ್ಲಿರುತ್ತಾರೆ ಎಂಬ ನಾಲ್ಕು ಸಂಗತಿಗಳಿಂದ ಪ್ರತಿ ಗೋಡೆಯ ಲೆಕ್ಕವೂ ಬೇರೆಬೇರೆಯಾಗಿ ಹುಟ್ಟುತ್ತದೆ. ಅಮೆರಿಕದ ರಾಷ್ಟ್ರೀಯ ವಿಕಿರಣ ರಕ್ಷಣೆ ಮತ್ತು ಮಾಪನ ಮಂಡಳಿಯ 147ನೇ ವರದಿ (2004) ಸಾರ್ವಜನಿಕರು ಇರುವ ಜಾಗಕ್ಕೆ ವಾರಕ್ಕೆ 0.02 ಮಿಲಿಗ್ರೇ (ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ), ವಿಕಿರಣ ಸಿಬ್ಬಂದಿಯ ಜಾಗಕ್ಕೆ 0.1 ಮಿಲಿಗ್ರೇ ಎಂಬ ಮಿತಿಯನ್ನು ಸೂಚಿಸುತ್ತದೆ. ಇದೇ ವರದಿ ಕಚೇರಿಯಲ್ಲಿ ಒಬ್ಬರು ಪೂರ್ಣ ಸಮಯ ಇರುತ್ತಾರೆಂದೂ, ಓಡಾಟದ ಪಡಸಾಲೆಯಲ್ಲಿ ಐದನೇ ಒಂದು ಭಾಗ, ಮೆಟ್ಟಿಲಲ್ಲಿ ನಲವತ್ತನೇ ಒಂದು ಭಾಗ ಸಮಯ ಇರುತ್ತಾರೆಂದೂ ಗಣಿಸುತ್ತದೆ.

ನಿಮ್ಮ ಗೋಡೆಗಳನ್ನೇ ತೆಗೆದುಕೊಳ್ಳೋಣ. ಯಾವ ತಡೆಯೂ ಇಲ್ಲದಿದ್ದರೆ ಗೋಡೆಯಿಂದ 0.3 ಮೀಟರ್ ಆಚೆ ವಾರಕ್ಕೆ 2 ಮಿಲಿಗ್ರೇ ಬೀಳುತ್ತದೆ ಎಂದಿಟ್ಟುಕೊಳ್ಳಿ. ಕಚೇರಿಯ ಕಡೆ ಅದು ನೂರನೇ ಒಂದು ಭಾಗಕ್ಕೆ ಇಳಿಯಬೇಕು. ಎಕ್ಸ್-ರೇ ಟ್ಯೂಬಿಗೆ 100 ಕಿಲೋವೋಲ್ಟ್ ಕೊಟ್ಟಾಗ ಹೊಮ್ಮುವ ಕಿರಣವನ್ನು ಹತ್ತನೇ ಒಂದಕ್ಕೆ ಇಳಿಸಲು ಸುಮಾರು 0.88 ಮಿಲಿಮೀಟರ್ ಸೀಸ ಅಥವಾ 5.3 ಸೆಂಟಿಮೀಟರ್ ಕಾಂಕ್ರೀಟ್ ಬೇಕಾಗುವುದರಿಂದ, ಇಲ್ಲಿ ಅದರ ಎರಡರಷ್ಟು, ಅಂದರೆ ಸುಮಾರು 1.8 ಮಿಲಿಮೀಟರ್ ಸೀಸ ಬೇಕು. ಮೆಟ್ಟಿಲಲ್ಲಿ ಜನ ನಲವತ್ತನೇ ಒಂದು ಭಾಗ ಸಮಯ ಮಾತ್ರ ಇರುವುದರಿಂದ ಅಲ್ಲಿ ವಾರಕ್ಕೆ 0.8 ಮಿಲಿಗ್ರೇವರೆಗೆ ಬಿಡಬಹುದು; ಆ ಕಡೆಗೆ ಸುಮಾರು 0.4 ಮಿಲಿಮೀಟರ್ ಸಾಕು. ಮೇಲಾಗಿ, ದೂರ ಇಮ್ಮಡಿಯಾದರೆ ಕಿರಣದ ಪ್ರಮಾಣ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಸೀಸ ಕೊಳ್ಳುವ ಮೊದಲು ಯಂತ್ರವನ್ನೂ ಮೇಜನ್ನೂ ಎಲ್ಲಿಡಬೇಕೆಂದು ಯೋಚಿಸುವುದೇ ಅತ್ಯಂತ ಅಗ್ಗದ ರಕ್ಷಣೆ.

ಎದೆಯ ಚಿತ್ರ ತೆಗೆಯುವ ಸ್ಟ್ಯಾಂಡಿನ ಹಿಂದಿನ ಗೋಡೆಗೆ ನೇರ ಕಿರಣ ತಾಗುತ್ತದೆ. ಉಳಿದ ಗೋಡೆಗಳಿಗೆ ತಲುಪುವುದು ಮುಖ್ಯವಾಗಿ ರೋಗಿಯ ದೇಹದಿಂದ ಚದುರಿದ ಕಿರಣ ಮತ್ತು ಟ್ಯೂಬಿನ ಕವಚದಿಂದ ಸೋರುವ ಅಲ್ಪ ಪ್ರಮಾಣದ ಕಿರಣ. ರೋಗಿಯಿಂದ ಒಂದು ಮೀಟರ್ ದೂರದಲ್ಲಿ ಚದುರಿದ ಕಿರಣ ನೇರ ಕಿರಣದ ಸುಮಾರು ಸಾವಿರದಲ್ಲಿ ಒಂದು ಪಾಲು ಮಾತ್ರ. ಮೇಲಿನ ಮತ್ತು ಕೆಳಗಿನ ಮಹಡಿಗಳಲ್ಲಿ ಜನರಿದ್ದರೆ ಚಾವಣಿಗೂ ನೆಲಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ, ಆದರೆ ಅಲ್ಲಿನ ಕಾಂಕ್ರೀಟ್ ಹಲಗೆಯೇ ಬಹುಪಾಲು ಕೆಲಸ ಮಾಡಿರುತ್ತದೆ.

ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು ಸಂದುಗಳ ಬಗ್ಗೆ. ಹಾಳೆಯ ದಪ್ಪ ಸರಿಯಿದ್ದರೂ ಎರಡು ಹಾಳೆಗಳು ಕೂಡುವ ಕಡೆ, ಬಾಗಿಲು ಮತ್ತು ಚೌಕಟ್ಟಿನ ನಡುವೆ, ಸ್ವಿಚ್ ಪೆಟ್ಟಿಗೆ ಕೂರಿಸಲು ಗೋಡೆ ಕೊರೆದ ಜಾಗದಲ್ಲಿ ಕಿರಣ ನುಸುಳುತ್ತದೆ. ಹಾಳೆಗಳು ಕನಿಷ್ಠ ಒಂದು ಸೆಂಟಿಮೀಟರಿನಷ್ಟು ಒಂದರ ಮೇಲೊಂದು ಹಾಯಬೇಕು, ಚೌಕಟ್ಟಿಗೂ ಸೀಸವಿರಬೇಕು, ಪೆಟ್ಟಿಗೆಯ ಹಿಂದೆ ಪ್ರತ್ಯೇಕ ತುಂಡನ್ನು ಜೋಡಿಸಬೇಕು. ಸೀಸ ಮೃದು ಲೋಹವಾದ್ದರಿಂದ ತನ್ನ ಭಾರಕ್ಕೇ ನಿಧಾನವಾಗಿ ಜಗ್ಗುತ್ತದೆ. ಪ್ಲೈವುಡ್‌ ಅಥವಾ ಜಿಪ್ಸಂ ಹಲಗೆಗೆ ಅಂಟಿಸಿದ ಹಾಳೆಯನ್ನೇ ಕೇಳಿ. ನೆಲದಿಂದ 2.1 ಮೀಟರ್ ಎತ್ತರದವರೆಗೆ ಹೊದಿಸುವುದು ವಾಡಿಕೆ.

ಲೆಕ್ಕವನ್ನು ವಿಕಿರಣ ಭೌತತಜ್ಞರಿಂದ ಮಾಡಿಸಿ, ಗೋಡೆಗೆ ಬಣ್ಣ ಬಳಿಯುವ ಮೊದಲೇ ಅವರು ಸಂದುಗಳನ್ನು ಕಣ್ಣಾರೆ ನೋಡುವಂತೆ ಏರ್ಪಾಡು ಮಾಡಿ. ಯಂತ್ರ ಕೂತ ಮೇಲೆ ಪ್ರತಿ ಗೋಡೆ, ಬಾಗಿಲುಗಳ ಆಚೆ ಸರ್ವೇ ಮೀಟರಿನಿಂದ (ವಿಕಿರಣ ಅಳೆಯುವ ಉಪಕರಣ) ಅಳೆಸಿದ ನಂತರವೇ ಮೊದಲ ರೋಗಿಯನ್ನು ಒಳಗೆ ಕರೆಯಿರಿ.